ಬಾಗಿದ ಮೂತಿಯ ಡ್ರಿಲ್ಲು

ಮೂವತ್ತೆಂಟು ವರ್ಷ ಈ ಚೋಪೌ ಕಣಿವೆಯ
ಬಾಯಿಗಳನ್ನೆಲ್ಲ ತೆರೆಸಿ ನೋಡಿದವಳು ನಾನು.
ಬೇಕರಿಯವನ ದವಡೆ, ಪಾದ್ರಿಯ ಕೋರೆಹಲ್ಲು,
ಬರ್ಲಿನ್ನಿನ ಗೋಡೆ ಬೀಳುವ ಮೊದಲೂ
ಬಿದ್ದ ಮೇಲೂ
ಒಂದೇ ಬಗೆಯ ಹುಳುಕು.

ದವಾಖಾನೆ ಮುಚ್ಚಿದ ದಿನ ಕುರ್ಚಿ ಮಾರಿದೆ, ದೀಪ ಮಾರಿದೆ,
ಮೂತಿ ಬಾಗಿದ ಪುಟ್ಟ ಡ್ರಿಲ್ಲು ಮಾತ್ರ ಕೊಡಲಿಲ್ಲ.
ಬುದ್ಧಿಹಲ್ಲಿನ ಹಿಂದಕ್ಕೂ ನುಸುಳುವಂಥದು,
ಅರವತ್ತೆರಡರ ಎಂ-ಝಡ್ ಬೈಕಿನ
ಸಿಲಿಂಡರಿನೊಳಕ್ಕೆ ಯಾಕೆ ಹೋಗಬಾರದು?

ಬೇಡ ಓರ್‌ಟ್ರೂನ್, ಎಂದ ಫೋಲ್ಕ್‌ಮಾರ್,
ಕಾರ್ಖಾನೆ ಕೊಟ್ಟದ್ದು ಕೊಟ್ಟ ಹಾಗೇ ಇರಲಿ.
ಆ ಕಾರ್ಖಾನೆಯಲ್ಲೇ ಗೇಜು ಹಿಡಿದು ನಿಂತವನು,
ಅರ್ಧ ಮಿಲಿಮೀಟರಿಗೆ ಮುಖ ಗಂಟಿಕ್ಕುವವನು.
ನಾನು ಕೇಳಲಿಲ್ಲ.
ಸೆಪ್ಟೆಂಬರಿನಲ್ಲಿ ಹಳೆ ಬೈಕುಗಳು ಕೋಟೆಯ ಏರು ಹತ್ತುತ್ತವೆ.
ಹೋದ ಸಲ ಮೂರನೆಯ ತಿರುವಿನಲ್ಲಿ
ಒಬ್ಬ ಪಶುವೈದ್ಯ ನನ್ನನ್ನು ದಾಟುತ್ತ
ಕೈ ಬೀಸಿದ್ದ.
ಬೀಸಬಾರದಿತ್ತು.

ಹೊಗೆ ಹೊರಡುವ ಕಿಂಡಿಯ ಮೇಲಂಚಿಗೆ
ರೋಗಿಗಳಿಗೆ ಕಚ್ಚಿಸುತ್ತಿದ್ದ ನೀಲಿ ಕಾಗದ ಉಜ್ಜಿದೆ,
ಸೂಜಿಯಲ್ಲಿ ಗೆರೆ ಎಳೆದೆ, ಕೊರೆದೆ.
ಎರಕದ ಕಬ್ಬಿಣ ನಾಲಿಗೆ ಅಡ್ಡ ತರುವುದಿಲ್ಲ,
ಉಗುಳಲು ಲೋಟ ಕೇಳುವುದಿಲ್ಲ.
ಅದಕ್ಕೇ ಕೈ ಮುಂದೆ ಹೋಯಿತು.
ಎತ್ತರ ಸಾಲದೆಂದು ಅಗಲವನ್ನೂ ತಿಂದೆ.

ಆ ಸಿಲಿಂಡರ್ ಹನ್ನೊಂದು ಕಿಲೋಮೀಟರ್ ಬದುಕಿತು.
ಅಗಲವಾದ ಕಿಂಡಿಯಲ್ಲಿ ಪಿಸ್ಟನ್ನಿನ ಉಂಗುರ ಇಣುಕಿತು,
ಇಣುಕಿದ್ದು ಸಿಕ್ಕಿಕೊಂಡಿತು,
ಸಿಕ್ಕಿಕೊಂಡದ್ದು ಮುರಿಯಿತು.
ಹಿಂದಿನ ಚಕ್ರ ಕಚ್ಚಿ ನಿಂತು, ಬೈಕು ಡಾಂಬರಿನಲ್ಲಿ,
ನಾನು ಆಲೂಗಡ್ಡೆ ಹೊಲದಲ್ಲಿ.
ಹಲ್ಲಾಗಿದ್ದರೆ ತುಂಬಬಹುದಿತ್ತು,
ಬೆಳ್ಳಿಯೋ ಸಿಮೆಂಟೋ, ದುಡ್ಡಿದ್ದವರಿಗೆ ಚಿನ್ನವೋ.
ಕಬ್ಬಿಣದಿಂದ ತೆಗೆದದ್ದು
ನೆಲದ ಮೇಲೆ ಕಪ್ಪು ಪುಡಿ, ಅಷ್ಟೆ.
ಗುಡಿಸಿ ಎಸೆದೆ.

ಮೂರು ದಿನ ಬಿಟ್ಟು ಫೋಲ್ಕ್‌ಮಾರ್ ಬಂದ.
ಹಳೆ ಪತ್ರಿಕೆಯಲ್ಲಿ ಸುತ್ತಿದ್ದ ಇನ್ನೊಂದು ಸಿಲಿಂಡರ್,
ಮಂಚದಡಿ ಎಷ್ಟು ವರ್ಷ ಇತ್ತೋ, ಕೇಳಬೇಡ ಎಂದ.
ಅಗಲ ಮುಟ್ಟಬೇಡ. ಅಂಚು ಉರುಟು ಮಾಡು.
ಕಿಂಡಿ ಎಷ್ಟು ದೊಡ್ಡದಾದರೇನು,
ಹಳೆ ಹೊಗೆಯ ಬೆನ್ನಿಗೇ ಹೊಸ ಉಸಿರೂ ಓಡಿಹೋಗುತ್ತದೆ,
ತಡೆಯಲು ಈ ಯಂತ್ರಕ್ಕೆ ಬಾಗಿಲಿಲ್ಲ.
ಇರುವುದು ಸದ್ದು ಒಂದೇ.

ತಗಡು ಸುತ್ತಿ ಅವನು ಬೆಸೆದ ಕೊಳವೆ
ಕಪ್ಪೆ ನುಂಗಿದ ಹಾವಿನ ಹಾಗಿತ್ತು,
ಸಪೂರ, ಹೊಟ್ಟೆ, ಮತ್ತೆ ಸಪೂರ.
ಹೋದ ಸದ್ದು ಅದರ ಕೊನೆಯ ಇಳಿಜಾರಿಗೆ ಬಡಿದು
ಮರಳಿ ಬಂದು,
ತಪ್ಪಿಸಿಕೊಳ್ಳುತ್ತಿದ್ದ ಉಸಿರನ್ನು ಒಳಕ್ಕೆ ದೂಡಬೇಕು,
ಕಿಂಡಿ ಮುಚ್ಚುವ ಗಳಿಗೆಗೆ ಸರಿಯಾಗಿ.
ಮೊದಲೂ ಅಲ್ಲ, ಆಮೇಲೂ ಅಲ್ಲ.
ಐದು ಕೊಳವೆ ಕತ್ತರಿಸಿದ. ಆರನೆಯದಕ್ಕೆ
ಪಕ್ಕದ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು.

ಈಗ ನನ್ನ ಬೈಕು ಬೇಕರಿಗೆ ಬರುವುದಿಲ್ಲ.
ನಿಧಾನ ಎಂದರೆ ಕೆಮ್ಮುತ್ತದೆ, ಎಣ್ಣೆ ಕಾರುತ್ತದೆ,
ಚರ್ಚಿನೆದುರು ಕಲ್ಲುಹಾಸಿನ ಮೇಲೆ ಮುನಿಸಿಕೊಂಡು ಆರಿಹೋಗುತ್ತದೆ.
ಬ್ರೆಡ್ಡಿಗೆ ನಡೆದೇ ಹೋಗುತ್ತೇನೆ.
ಆದರೆ ಐದು ಸಾವಿರ ಸುತ್ತು ದಾಟಿದ ಮೇಲೆ
ಯಾರೋ ಬೆನ್ನಿಗೆ ಕಾಲು ಕೊಟ್ಟು ಒದ್ದ ಹಾಗೆ.
ಮೂರನೆಯ ತಿರುವು ಬಂತು,
ಪಶುವೈದ್ಯನ ಬೆನ್ನು ಬಂತು, ಹೋಯಿತು.
ಕೈ ಬೀಸಲಿಲ್ಲ.
ಎರಡೂ ಕೈ ಬೇಕಿತ್ತು.

ಕೋಟೆಯ ಬಾಗಿಲಲ್ಲಿ ಪ್ಲಗ್ಗು ಬಿಚ್ಚಿ
ಪುಟ್ಟ ಕನ್ನಡಿ ಹಿಡಿದು ನೋಡಿದೆ.
ಹಾಲು ಕಮ್ಮಿ ಹಾಕಿದ ಕಾಫಿಯ ಬಣ್ಣ. ಆರೋಗ್ಯ.
ಸಿಲಿಂಡರ್ ಟಿಕ್ ಟಿಕ್ಕೆಂದು ತಣಿಯುತ್ತಿತ್ತು.
ಹಳೆ ಅಭ್ಯಾಸ, ಬಾಗಿ ಕೇಳಿದೆ:
ನೋಯುತ್ತಾ?

ಬಸ್ಸಿನಿಂದ ಇಳಿದು ಮೆಟ್ಟಿಲು ಹತ್ತಿ ಬಂದಿದ್ದ ಫೋಲ್ಕ್‌ಮಾರ್
ತನ್ನ ಮೊಣಕಾಲನ್ನು ಕೇಳಿದೆನೆಂದುಕೊಂಡು,
ಸ್ವಲ್ಪ, ಎಂದ.