ಹತ್ತು ರೂಪಾಯಿ ಬಾಕಿ

ಯಾರೂ ಸತ್ತಿರಲಿಲ್ಲ.
ಜಡ್ಡು ಜಾಪತ್ರಿ ಇಲ್ಲ, ಗಂಡ ಕುಡಿಯುವವನಲ್ಲ,
ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ತೂಗಿ
ಸಂಜೆ ಏಳಕ್ಕೆ ಮನೆಗೆ ಬರುವವನು.
ಸುಮ್ಮನೆ, ಒಂದು ಮಂಗಳವಾರ
ಮಶಿನ್ನಿನ ಮುಸುಕು ತೆಗೆಯಲಿಲ್ಲ ನಾನು.
ಬುಧವಾರವೂ ತೆಗೆಯಲಿಲ್ಲ.

ಆಮೇಲೆ ಅದರ ಮೇಲೆ ಒಗೆದ ಬಟ್ಟೆ ಕೂತವು,
ಬಟ್ಟೆಯ ಮೇಲೆ ಕರೆಂಟಿನ ಬಿಲ್ಲು,
ಬಿಲ್ಲಿನ ಮೇಲೆ ಬೆಕ್ಕು.

ಪರ್ವತಿ ಗುಡ್ಡದ ಬೆನ್ನಿಗೆ ಅಂಟಿದ ನಮ್ಮ ವಸಾಹತಿಗೆ
ನೂರಾ ಹದಿನಾರು ಮೆಟ್ಟಿಲು ಹತ್ತಿ ಬರುವ ಹೆಂಗಸರು
ಏದುಸಿರಿನಲ್ಲೇ ಕೇಳುತ್ತಿದ್ದರು, ಆಯಿತೇನು ಜಂಪರು?
ಉದ್ಯಾ, ಅನ್ನುತ್ತಿದ್ದೆ.
ಪುಣೆಗೆ ಬಂದು ಹದಿನೆಂಟು ವರ್ಷ,
ಆ ಒಂದು ಶಬ್ದದಲ್ಲಿ ಮಾತ್ರ
ನನ್ನ ಇಂಡಿ ತಾಲೂಕು ಕೇಳಿಸುತ್ತಿರಲಿಲ್ಲ.

ಢಮಾಲೆ ಮನೆಯ ಕಾಂಚನಾ ಕೊಟ್ಟ ಖಣ
ಗುಳೇದಗುಡ್ಡದ್ದು, ಗಿಳಿಹಸಿರು, ಕೆಂಪು ದಡಿ.
ಮದುವೆಗೆಂದು ಕೊಟ್ಟದ್ದು. ಮದುವೆ ಆಯಿತು.
ರೆಡಿಮೇಡ್ ತೊಟ್ಟು ಹಸೆಗೇರಿದಳು.
ಊಟಕ್ಕೆ ನನ್ನನ್ನೂ ಕರೆದಿದ್ದರು, ಹೋದೆ,
ಜಿಲೇಬಿ ತಿಂದೆ, ಯಾರೂ ಏನೂ ಅನ್ನಲಿಲ್ಲ.
ಆ ಅನ್ನದ ಮಾತೇ ಇನ್ನೂ ಗಂಟಲಲ್ಲಿದೆ.

ಗಂಡ ಹೇಳಿದ, ಮನಸ್ಸಾದಾಗ ಮಾಡು.
ಮನಸ್ಸಾಗುವುದು ಅಂದರೇನು?
ಹಾಲು ಮೊಸರಾದ ಹಾಗೆಯೆ,
ರಾತ್ರಿ ಮುಚ್ಚಿಟ್ಟರೆ ಬೆಳಗ್ಗೆ ಆಗಿರುತ್ತದೆಯೆ?
ಮುಚ್ಚಿಟ್ಟೂ ನೋಡಿದೆ. ಹುಳಿಯಾಯಿತು, ಅಷ್ಟೆ.

ಶ್ರಾವಣ ಕಳೆದ ಒಂದು ಮಧ್ಯಾಹ್ನ
ಕೆಳಗಿನ ರಸ್ತೆಯಿಂದ ಕೂಗು:
ಚಾಕು ಕಾತ್ರೀಲಾ ಧಾರ್...
ಗಂಡನ ಸುತಳಿ ಕೊಯ್ಯುವ ಚಾಕು ಮೊಂಡಾಗಿತ್ತು,
ಅದಕ್ಕೆಂದು ಇಳಿದೆ.
ಅದೇ ಡಬ್ಬಿಯಲ್ಲಿದ್ದ ಕತ್ತರಿಯೂ ಸಂಗಡ ಬಂತು.

ಸೈಕಲ್ಲಿಗೆ ಸ್ಟ್ಯಾಂಡು ಹಾಕಿ
ಸೀಟಿನ ಮೇಲೆ ಕೂತು ತುಳಿಯುತ್ತಾನೆ ಮುದುಕ.
ಚಕ್ರ ತಿರುಗುತ್ತದೆ, ಸೈಕಲ್ಲು ಎಲ್ಲಿಗೂ ಹೋಗುವುದಿಲ್ಲ.
ಎಲ್ಲಿಗೂ ಹೋಗದ ಸೈಕಲ್ಲಿನಿಂದ
ಕಿಡಿ ಹಾರುತ್ತವೆ.

ಟೇಲರ್ ಕತ್ತರಿ ಇದು, ತುಕ್ಕು ಹೇಗೆ ಬಂತು ಬಾಯಿ?
ಕೆಲಸ ಇಲ್ಲ, ಅಂದೆ.
ಸುಳ್ಳು. ಏಳು ಖಣ, ಎರಡು ಲಂಗ, ಒಂದು ಪಡದೆ.
ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ,
ಜೇಬಿನಿಂದ ಚಿಂದಿಯೊಂದನ್ನು ತೆಗೆದು
ಡಬ್ಬಿಯ ನೀರಲ್ಲಿ ಅದ್ದಿ ಕತ್ತರಿಸಿದ.
ಒಣಗಿದ್ದನ್ನು ಯಾವುದೂ ಕತ್ತರಿಸುತ್ತದೆ,
ಒದ್ದೆಯದನ್ನು ಕತ್ತರಿಸಬೇಕು, ಅಂದ.

ನಲವತ್ತಾಯಿತು. ಐವತ್ತರ ನೋಟು ಕೊಟ್ಟೆ.
ಚಿಲ್ಲರೆ ಇಲ್ಲ, ಹತ್ತು ಬಾಕಿ, ಮುಂದಿನ ತಿಂಗಳು,
ಅಂದು ಸ್ಟ್ಯಾಂಡು ಒದ್ದು ಹೊರಟೇಬಿಟ್ಟ.
ಮುಂದಿನ ತಿಂಗಳು!
ಎಷ್ಟು ಸಲೀಸಾಗಿ ಅಂದ,
ಅದೇನು ಪಕ್ಕದ ಓಣಿಯ ಕಿರಾಣಿ ಅಂಗಡಿಯೋ ಎಂಬಂತೆ.

ಮನೆಗೆ ಬಂದು ಬೆಕ್ಕನ್ನು ಎಬ್ಬಿಸಿದೆ.
ಮಶಿನ್ನಿನ ತನಕ ಹೋಗುವ ಧೈರ್ಯವಿರಲಿಲ್ಲ,
ನೆಲದ ಮೇಲೆ ಖಣ ಹಾಸಿದೆ.
ಕಾಂಚನಾ ಈಗ ತುಂಬು ಬಸುರಿ, ತವರಿಗೆ ಬಂದಿದ್ದಾಳೆ,
ಮೊನ್ನೆ ನಳದ ಬಳಿ ಕಂಡಿದ್ದೆ.
ಅಳತೆ ಬರೆದಿಟ್ಟ ಚೀಟಿ ಈಗ ಯಾರ ಮೈಯದೂ ಅಲ್ಲ,
ಹೊಸ ಅಳತೆಗೆ ಮೈಯೇ ಇನ್ನೂ ಬಂದಿಲ್ಲ.

ಕುಂಚಿಗೆ, ಅಂದಿತು ಕೈ.
ಅವ್ವ ಹೊಲಿಯುತ್ತಿದ್ದಂಥದು,
ನೆತ್ತಿಗೆ ಟೊಪ್ಪಿಗೆ, ಬೆನ್ನಿಗೆ ಇಳಿಬಿದ್ದ ಸೆರಗು.
ಗೇಣು ಹಾಕಿ ಅಳೆದೆ. ಸೀಮೆಸುಣ್ಣ ಸಿಗಲಿಲ್ಲ,
ಸಬಕಾರದ ಚೂರಿನಿಂದ ಗೆರೆ ಎಳೆದೆ.
ಮೊದಲ ಕಚಕ್ಕಿಗೆ ಕಣ್ಣು ಮುಚ್ಚಿದ್ದೆ.

ಮರುದಿನ ಹತ್ತಕ್ಕೆದ್ದೆ. ಏನೂ ಮಾಡಲಿಲ್ಲ.
ಅದರ ಮರುದಿನ ಒಂದು ಅಂಚು, ಕೈಹೊಲಿಗೆ.
ದಡಿ ಸೊಟ್ಟ ಬಂತು, ಬಿಚ್ಚಲಿಲ್ಲ,
ಕೂಸಿಗೆ ಯಾವ ಸೊಟ್ಟ, ಯಾವ ನೆಟ್ಟಗೆ.

ಮಶಿನ್ನಿಗೆ ಎಣ್ಣೆ ಬಿಡಬೇಕು. ಇನ್ನೂ ಬಿಟ್ಟಿಲ್ಲ.
ಆದರೆ ಇವತ್ತು ಪಡದೆಯವಳು ಮೆಟ್ಟಿಲು ಹತ್ತಿ ಬಂದು
ಆಯಿತೇನು ಅಂದಾಗ
ಉದ್ಯಾ ಅನ್ನಲು ಹೋಗಿ ನಾಲಗೆ ತಡವರಿಸಿತು.
ಶನಿವಾರ, ಅಂದೆ,
ಇಂಡಿ ತಾಲೂಕಿನ ಮರಾಠಿಯಲ್ಲೇ.