ರಸ್ತೆಯ ಪಾಲು

ಮೂರು ಸಲ ಹೇಳಿ ಕಳಿಸಿದರೂ ಬರಲಿಲ್ಲವೆಂದು
ನಾನೇ ಏರಿ ಹೋದೆ, ಸೂಜಿಡಬ್ಬಿ ಹಿಡಿದು,
ಲಿಸ್ಬನ್ ಮುಗಿಯುವಲ್ಲಿ, ರೈಲುಹಳಿಗೂ ಹೆದ್ದಾರಿಗೂ ನಡುವೆ
ಯಾರದ್ದೂ ಅಲ್ಲದ ಆ ಇಳಿಜಾರಿಗೆ.

ಬೇಲಿಯೆಂದರೆ ಅಲ್ಲಿ
ಎರಡು ಮಂಚದ ಚೌಕಟ್ಟು, ಒಂದು ಫ್ರಿಜ್ಜಿನ ಬಾಗಿಲು,
ಯಾರೋ ಎಸೆದ ಸ್ನಾನದ ತೊಟ್ಟಿ, ತುಂಬ ಮಳೆನೀರು,
ನೀರಿನ ಮೇಲೆ ಒಂದೇ ಕಪ್ಪೆಯ ಎರಡು ಕಣ್ಣು.
ಬಾಗಿಲ ಮೇಲೆ ನಗರಸಭೆಯವರ ಕೆಂಪು ಅಂಕಿ:
ನಲವತ್ತೇಳು. ಯಾಕೆಂದು ಯಾರೂ ಹೇಳಿಲ್ಲ.

"ಸೂಜಿ ಬಂತು," ಅಂದಳು ಜುಲ್ಮಿರಾ, ಬೆನ್ನೆತ್ತದೆ.
"ಆ ಸಾಲು ಮುಗಿಸು ಮೊದಲು, ಆಮೇಲೆ ಚುಚ್ಚು."
ಗುದ್ದಲಿ ನನ್ನ ಕೈಗೆ ಬಂತು.

ನಸುಕಿನ ನಾಲ್ಕಕ್ಕೆ ಬ್ಯಾಂಕಿನ ನೆಲ ಒರೆಸಿ
ಹತ್ತಕ್ಕೆ ಇಲ್ಲಿ ಮಣ್ಣು ಮೆತ್ತಿಕೊಳ್ಳುವವಳು.
ಆರು ವರ್ಷದ ಅವಳ ಸಕ್ಕರೆಯ ಚೀಟಿಯಲ್ಲಿ
ಅಂಕಿ ಇಳಿದದ್ದು ಎರಡೇ ಬಾರಿ,
ಈ ಇಳಿಜಾರು ಹಿಡಿದ ವರ್ಷ, ಮತ್ತೆ ಅದರ ಮರುವರ್ಷ.
ನಾನದನ್ನು ಮಾತ್ರೆಯ ಲೆಕ್ಕಕ್ಕೆ ಬರೆದಿದ್ದೆ.

ಮೇಲಿನ ಸಾಲಿನಲ್ಲಿ ತೊಗರಿ.
ಸಾಂತಿಯಾಗೊ ದ್ವೀಪದಿಂದ ತಲೆವಸ್ತ್ರದ ಗಂಟಿನಲ್ಲಿ ಬಂದ ಕಾಳು.
ಎರಡು ಚಳಿಗಾಲ ಸತ್ತಿತು,
ಮೂರನೆಯದಕ್ಕೆ ನಾಚಿಕೆಗೆಟ್ಟು ಹೂಬಿಟ್ಟಿತು,
ಹಳದಿ, ಬೆನ್ನಿಗೆ ಕೆಂಪು ಗೀರು.
"ಅಲ್ಲಿ ಮಳೆಗೆ ಹರಕೆ ಹೊರುತ್ತಿದ್ದೆವು," ಅಂದಳು,
"ಇಲ್ಲಿಯವರು ಮಳೆಗೆ ಕೊಡೆ ಹಿಡಿಯುತ್ತಾರೆ."

ಎದ್ಮಿಲ್ಸನ್, ನಾಲ್ಕನೇ ಮಹಡಿಯ ಹುಡುಗ,
ಕಾಲೇಜಿನ ಬಲೆ ಹಿಡಿದು ಜೇನು ಎಣಿಸುತ್ತಿದ್ದ.
ಪೇಟೆಯ ದೊಡ್ಡ ಉದ್ಯಾನದ ಕತ್ತರಿಸಿದ ಹುಲ್ಲಲ್ಲಿ ಆರು ಬಗೆ,
ಇಲ್ಲಿ ಮೂವತ್ತೊಂದು.
ಮಂಚದ ಕಾಲಿನ ಮೊಳೆತೂತಿನಲ್ಲಿ
ಒಂಟಿ ಜೇನೊಂದು ಎಲೆ ಸುತ್ತಿ ಬಾಣಂತಿಕೋಣೆ ಕಟ್ಟಿತ್ತು.
ಅದನ್ನು ತೋರಿಸುವಾಗ ಅವನ ದನಿ ತಗ್ಗಿತು.

ಮಣ್ಣಿನ ವರದಿ ತಂದವನೂ ಅವನೇ.
ಓದಿದವಳು ನಾನು.
ಮೇಲಿನದು ಚೆನ್ನ. ನಡುವಿನದು ಅಡ್ಡಿಯಿಲ್ಲ.
ರಸ್ತೆಗೆ ತಾಗಿದ ಮೂರು ಸಾಲಿನಲ್ಲಿ ಸೀಸ.
ಎಲೆ ತಿನ್ನಬಾರದು.

ಕೈ ಕೆಸರಾದರೆ ಬಾಯಿ ಮೊಸರಂತೆ.
ಕೆಸರಿನೊಳಗೇ ಕೂತಿರುವುದಕ್ಕೆ
ಗಾದೆ ಇನ್ನೂ ಹುಟ್ಟಿಲ್ಲ.

ಅಳಲಿಲ್ಲ, ಬೈಯಲಿಲ್ಲ.
ಕೋಸಿನ ಗಿಡ ಒಂದೊಂದಾಗಿ ಬೇರು ಸಮೇತ ಕಿತ್ತು
ಚೀಲಕ್ಕೆ ತುಂಬಿದಳು, ಕೋಳಿಗೂ ಹಾಕಬೇಡವೆಂದಳು.
ಬಾಯಿ ಕಟ್ಟಿದಳು. ಬಿಚ್ಚಿದಳು. ಇನ್ನೊಮ್ಮೆ ಕಟ್ಟಿದಳು.
ಹೆದ್ದಾರಿಯಲ್ಲಿ ಲಾರಿಗಳು ಅವಳ ಪಾಲಿಗೆ ಹೋಗುತ್ತಲೇ ಇದ್ದವು.
ಆಮೇಲೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು,
"ಹೋದ ಜನವರಿಯಲ್ಲಿ ಇವಾನಿಲ್ಡಳಿಗೆ
ದಿನಾ ಒಂದು ಕಟ್ಟು ಕಳಿಸಿದೆನಲ್ಲ.
ಬಸುರಿ, ರಕ್ತ ಕಮ್ಮಿ, ಸೊಪ್ಪು ತಿನ್ನಿಸು
ಅಂದದ್ದು ನೀನಲ್ಲವೆ?"

ನಾನೇ.

ಏಳು ತಿಂಗಳ ಕೂಸು.
ಅದರ ಹಿಮ್ಮಡಿ ನನ್ನ ಹೆಬ್ಬೆರಳಷ್ಟೂ ಇಲ್ಲ.
ಹನಿ ಬರುವ ತನಕ ಇವಾನಿಲ್ಡ ಗೋಡೆ ನೋಡುತ್ತಿದ್ದಳು.
ವರದಿಗೆ ಹತ್ತು ದಿನ.

ಆ ಹತ್ತು ದಿನ ಕಿತ್ತ ಸಾಲುಗಳಿಗೆ ಅವಳೇನೂ ಬಿತ್ತಲಿಲ್ಲ.
"ರಸ್ತೆಯ ಪಾಲು ರಸ್ತೆಗೆ."
ಮಳೆ ಬಂತು. ಹೆಸರಿಲ್ಲದ್ದು, ಮುಳ್ಳಿನದು,
ನೀಲಿ ಹೂವಿನದು, ಸಾಸಿವೆಯ ದಾಯಾದಿಯಂಥದ್ದು
ಮೊಳಕೆ ಒಡೆದು ತಮ್ಮತಮ್ಮಲ್ಲೇ ಜಾಗ ಹಂಚಿಕೊಂಡವು.
"ಹೂಬಿಟ್ಟರೆ ಮೂವತ್ತನಾಲ್ಕಾದೀತು," ಅಂದ ಎದ್ಮಿಲ್ಸನ್.
"ಅವಕ್ಕೆ ಸೀಸ ತಾಗುವುದಿಲ್ಲವೆ?" ಕೇಳಿದೆ.
"ಗೊತ್ತಿಲ್ಲ," ಅಂದ, ಬಲೆಯ ಕೋಲಿಗೆ ಮೆತ್ತಿದ ಮಣ್ಣು ಕೆರೆಯುತ್ತ.
"ಅದನ್ನೂ ಯಾರಾದರೂ ಎಣಿಸಬೇಕು."

ಹನ್ನೊಂದನೆಯ ದಿನ, ಜೇಬಿನಲ್ಲಿ ಲಕೋಟೆ,
ಮತ್ತೆ ಆ ಏರು.
ತೊಟ್ಟಿಯ ಕಪ್ಪೆ ನನ್ನ ಗುರುತು ಹಿಡಿದು ಮುಳುಗಿತು.
ಸೂಜಿ ಬಂತು ಅನ್ನಲಿಲ್ಲ ಜುಲ್ಮಿರಾ.
ನಾನು ಬಾಯಿ ತೆರೆಯುವ ಮೊದಲೇ
ಗುದ್ದಲಿಯನ್ನು ತೊಗರಿಗಿಡಕ್ಕೆ ಒರಗಿಸಿ,
ಎರಡೂ ಕೈ ಲಂಗಕ್ಕೆ ಒರೆಸಿ,
ಈ ಸಲ ಬೆನ್ನೆತ್ತಿ ನಿಂತಳು.