ಹೊಟ್ಟೆಯ ಬಣ್ಣ

ಗುರುವಾರ ಆರು ಹೊಡೆದರೆ
ಚಾಸ್ಲಾವ್ ಊರಿನ ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ
ನಾವು ಐದು ಮಂದಿ, ಒಂದು ಉದ್ದ ಮೇಜು,
ಅಂಟಿನ ವಾಸನೆ ಹೋಗಲೆಂದು
ಹಿಮ ಬೀಳುವಾಗಲೂ ತೆರೆದೇ ಇರುವ ಕಿಟಕಿ.

ಲುಬೋರ್ ಹಲ್ಲಿನ ಡಾಕ್ಟರು.
ಸವೆದ ಕೊಕ್ಕೆಸೂಜಿಗಳನ್ನೆಲ್ಲ ನಮಗೆ ತಂದುಕೊಡುತ್ತಾನೆ.
ಯಾರ್ಯಾರ ದವಡೆಯಲ್ಲಿ ಆಡಿ ಬಂದ ಉಕ್ಕೋ,
ಈಗ ರೆಕ್ಕೆಸಂದಿನ ಪುಟ್ಟಿ ಕೆರೆಯುತ್ತದೆ.
ಜ್ದಿಸ್ಲಾವಾ ಅಂಚೆ ಕಚೇರಿಯವಳು.
ಬೆಚ್ಚನೆ ನೀರಲ್ಲಿ ನೆನೆದ ಅಂಕಿಗಳನ್ನು
ಕುಂಚದ ತುದಿಯಿಂದ ಜಾರಿಸಿ ಬಾಲಕ್ಕೆ ಕೂರಿಸುವಾಗ
ಉಸಿರು ಬಿಡುವುದಿಲ್ಲ, ನಮಗೂ ಬಿಡಗೊಡುವುದಿಲ್ಲ.
ವೀತೆಕ್‌ಗೆ ಹದಿನಾಲ್ಕು; ಅವನಿಗೆ ಎಲ್ಲ ಗೊತ್ತು.
ನಾನು ಬಸ್ಸು ಓಡಿಸುವವನು.
ದಿನವಿಡೀ ಹನ್ನೆರಡು ಮೀಟರು ತಿರುಗಿಸಿದ ಕೈ
ಸಂಜೆ, ಅಂಗಿಗುಂಡಿಯಷ್ಟರ ಚಕ್ರ ಹಿಡಿದು ನಡುಗುತ್ತದೆ.

ಐದನೆಯವನು ಒತಾಕರ್.
ಇಪ್ಪತ್ತೆರಡು ವರ್ಷ ಊರಾಚೆಯ ವಾಯುನೆಲೆಯಲ್ಲಿ
ಮಿಗ್ ಇಪ್ಪತ್ತೊಂದರ ಮೆಕ್ಯಾನಿಕ್ಕು.
ಒಮ್ಮೆಯೂ ಹಾರಿದವನಲ್ಲ.
'ನನ್ನ ಕೆಲಸ ಕೆಳಗೆ' ಎನ್ನುತ್ತಾನೆ, ಅಷ್ಟೇ.

ಹದಿನೈದು ಮೀಟರಿನಿಂದ ಒಂದು ಗೇಣಿಗೆ ಇಳಿದ
ಅವನ ಮಿಗ್ಗನ್ನು ಮೇಲಿನಿಂದ ನೋಡಿದರೆ,
ಗೆಳೆಯನ ಬಗ್ಗೆ ಹೇಳಬಾರದು, ಅಂಥದ್ದೇನಲ್ಲ.
ಬೆನ್ನಿನ ಸಂದು ಕಾಣುತ್ತದೆ, ಗಾಜಿನ ಮೇಲೆ ಬೆರಳಚ್ಚು,
ಹಸಿರು ಎಲ್ಲಿ ಮುಗಿದು ಕಂದು ಎಲ್ಲಿ ಶುರು
ಎಂಬುದೆಲ್ಲ ಅಂದಾಜಿನ ಮಾತು.
ತಿರುಗಿಸಿ ಹಿಡಿದಿರೋ, ಮಾತು ನಿಲ್ಲುತ್ತದೆ.
ತಿಳಿನೀಲಿ ಹೊಟ್ಟೆ. ಅದರ ಮೇಲೆ
ಎಣ್ಣೆ ಹಿಂದಕ್ಕೆ ಹರಿದ ಮೂರು ಗೆರೆ, ಮೂರೂ ಬೇರೆ ಬೇರೆ ಕಂದು.
ಚಕ್ರದ ಗೂಡಿನೊಳಗೆ ಕೂದಲೆಳೆ ತಾಮ್ರದ ತಂತಿ,
ಹೆಂಡತಿಯ ಕೆಟ್ಟ ಇಸ್ತ್ರಿಪೆಟ್ಟಿಗೆಯಿಂದ ಬಿಚ್ಚಿದ್ದು.
ಒಂದು ಮುಚ್ಚಳದ ನೀಲಿ ಮಾತ್ರ ಬೇರೆ:
ಯಾವುದೋ ಜನವರಿ, ಸೊನ್ನೆಗಿಂತ ಹದಿನೆಂಟು ಕೆಳಗೆ,
ಡಬ್ಬಿಯ ಬಣ್ಣ ಹೆಪ್ಪುಗಟ್ಟಿ
ಊಟದ ಮನೆಯ ಬಾಗಿಲಿಗೆ ತಂದಿಟ್ಟಿದ್ದನ್ನು ಬಳಿದಿದ್ದನಂತೆ.
ಕೈಪಿಡಿಯಲ್ಲಿ ಇದಿಲ್ಲ, ಎಂದ ವೀತೆಕ್.
'ಕೈಪಿಡಿ ಬರೆದವನು ಅಂಗಾತ ಮಲಗಿರಲಿಲ್ಲ, ಮರಿ.'

ಅದು ಯಾರನ್ನಾದರೂ ಕೊಂದಿತ್ತಾ?
ಹುಡುಗನಲ್ಲವೆ, ಕೇಳಿಯೇಬಿಟ್ಟ.
'ಎರಡು ಮೊಲ. ರನ್‌ವೇಯಲ್ಲಿ.'
ನಾವು ನಕ್ಕೆವು. ಅವನು ಮರಳುಕಾಗದ ಮಡಚಿದ.
'ಮತ್ತೆ ಒಬ್ಬ, ನಮ್ಮವನೇ. ಈ ಯಂತ್ರವಲ್ಲ, ಪಕ್ಕದ್ದು.
ಆ ರಾತ್ರಿ ಎಲ್ಲರೂ
ತಂತಮ್ಮ ಸ್ಕ್ರೂಗಳನ್ನು ಮತ್ತೆ ಎಣಿಸಿದೆವು.'
ಕಿಟಕಿ ತೆರೆದೇ ಇತ್ತು.

ಇನ್ನೊಂದು ಸಂಜೆ ಅವನ ಚಿಮುಟದಿಂದ
ಸಾಸಿವೆಯಷ್ಟರ ಕೊಂಡಿಯೊಂದು ಚಿಮ್ಮಿ ಹೋಯಿತು.
ಐವರೂ ಮಂಡಿಯೂರಿ ಮೊಬೈಲಿನ ಬೆಳಕಲ್ಲಿ ನೆಲ ತಡಕಿದೆವು.
ಸಿಕ್ಕಿದ್ದು: ಹೋದ ವರ್ಷ ಲುಬೋರ್ ಕಳೆದಿದ್ದ ಕ್ಷಿಪಣಿಯ ಈಜುರೆಕ್ಕೆ,
ಅರ್ಧ ಶೇಂಗಾ, ಯಾರದೋ ಕಿವಿಯೋಲೆಯ ತಿರುಪು.
ತಲೆಯೆತ್ತಿದರೆ ಒತಾಕರ್
ಮೇಜಿನಡಿ ಅಂಗಾತ ಮಲಗಿದ್ದಾನೆ, ಎದೆಯ ಮೇಲೆ ಕೈ.
ಹುಡುಕುತ್ತಿಲ್ಲ. ಹಲಗೆಯ ಒಳಮೈ ನೋಡುತ್ತಿದ್ದಾನೆ.
'ಇಲ್ಲೊಂದು ಸ್ಕ್ರೂ ಸಡಿಲ' ಎಂದ,
ನಾವು ಇಷ್ಟು ವರ್ಷ ಅದರ ಮೇಲೆ ಬಿಯರ್ ಇಟ್ಟಿದ್ದೇವಲ್ಲ
ಎಂಬ ಹಾಗೆ.

ಮೇ ತಿಂಗಳಲ್ಲಿ ಓಲೊಮೊಉತ್ಸಿನ ಸ್ಪರ್ಧೆ.
ತೀರ್ಪುಗಾರರು ಮಾದರಿ ಮುಟ್ಟುವಂತಿಲ್ಲ;
ಕೈ ಹಿಂದೆ ಕಟ್ಟಿ ಮೇಲಿನಿಂದಲೇ ನೋಡಿ ಸಾಗುತ್ತಾರೆ.
ಅವರು ನಮ್ಮ ಸಾಲಿಗೆ ಬರುವ ಮೊದಲು
ಜ್ದಿಸ್ಲಾವಾ ಪೌಡರ್ ಡಬ್ಬಿಯ ಕನ್ನಡಿ ಕಿತ್ತು
ಒರೆಸಿ, ಸದ್ದಿಲ್ಲದೆ, ಮಿಗ್ಗಿನ ಕೆಳಗೆ ತಳ್ಳಿದಳು.
ಅಂಗೈಯಗಲದ ಒಂದು ವೃತ್ತ. ಅದರೊಳಗೆ
ಮೂರು ಗೆರೆ ಎಣ್ಣೆ, ಒಂದು ಮುಚ್ಚಳ.

ದಪ್ಪ ಕನ್ನಡಕದವರು ಬಗ್ಗಿದರು. ಇನ್ನೂ ಬಗ್ಗಿದರು.
ಟಾರ್ಚ್ ತೆಗೆದರು.
'ಈ ನೀಲಿ ತಪ್ಪು' ಎಂದು ಎರಡು ಅಂಕ ಕಳೆದರು.

ಒತಾಕರ್ ನಕ್ಕಿದ್ದು ನಾನು ನೋಡಿದ್ದು ಆಗಲೇ,
ಹಲ್ಲಿಲ್ಲದ ಎಡಮೂಲೆಯೂ ಕಾಣುವಂತೆ.
'ತಪ್ಪೇ' ಎಂದ, 'ಪೂರ್ತಿ ತಪ್ಪು,'
ವಾಪಸಾಗುವ ದಾರಿಯುದ್ದಕ್ಕೂ
ಸ್ಟೀರಿಂಗ್ ಹಿಡಿದ ನನಗೆ ಹೇಳುತ್ತ ಬಂದ:
ಆ ಚಳಿ, ಆ ಬಾಗಿಲು, ಆ ಡಬ್ಬಿ.
ಮಾದರಿ ಅವನ ಮಡಿಲಲ್ಲಿತ್ತು,
ಬೆನ್ನು ಕೆಳಗೆ ಮಾಡಿ.